ಕಿಡಕಿ ತಗದ್ರ ಸಾಲಲ್ಲೇನು?

"ಕಾಕಾ, ಕಿಡಕಿ ತಗದ್ರ ಗಾಳಿ ತಾನೇ ಬರ್ತದ. ಅದಕ್ಕೂ ಒಂದು ಮಷೀನ್ ಬೇಕೇನ್ರಿ?"

ಏಣಿಯ ಮೇಲೆ ನಿಂತು ವಯರ್ ಎಳೆಯುತ್ತಿದ್ದ ಹುಡುಗ ಕೇಳಿದ. ಅವನೊಬ್ಬನೇ ಅಲ್ಲ, ಚಿಂಚೋಳಿಯ ಚಂದಾಪುರದ ನಮ್ಮ ಓಣಿಯಲ್ಲಿ, ಮನೆಗೆ ಗಾಳಿ ಯಂತ್ರ ಕೂಡಿಸಿದ ಆ ವಾರ, ಈ ಮಾತು ಕೇಳದೆ ಬಿಟ್ಟವರು ಕಡಿಮೆ. ನ್ಯಾಯವಾದ ಪ್ರಶ್ನೆಯೇ. ಚಿಂಚೋಳಿಯಲ್ಲಿ ವರ್ಷದ ಹೆಚ್ಚು ದಿನ ಅದಕ್ಕೆ ಉತ್ತರ "ಬೇಡಪಾ, ಕಿಡಕಿನೇ ಸಾಕು" ಎಂಬುದೇ. ನಾನು ಹೇಳಹೊರಟಿರುವುದು ಉಳಿದ ದಿನಗಳ ವಿಷಯ. ಅದರಲ್ಲೂ ಕದ, ಕಿಟಕಿ ಬಿಗಿಯಾಗಿ ಮುಚ್ಚಿ ಎಸಿ ಹಚ್ಚಿ ಮಲಗುವ ಒಂದೇ ಒಂದು ಕೋಣೆಯ ವಿಷಯ.

ನಾನು ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಯೊಂದರಲ್ಲಿ ಮೆಂಟೇನೆನ್ಸ್ ಫೋರ್‌ಮನ್ ಆಗಿದ್ದವನು. ಫ್ಯಾನು, ಡಕ್ಟು, ಡ್ಯಾಂಪರು, ಬ್ಯಾಗ್ ಫಿಲ್ಟರು ಇವುಗಳ ಜತೆಗೇ ಆಯುಷ್ಯ ಕಳೆಯಿತು. ಗಾಳಿ ಎಳೆಯುವುದು, ಗಾಳಿ ತಳ್ಳುವುದು, ಗಾಳಿಯಿಂದ ಧೂಳು ಬೇರೆ ಮಾಡುವುದು, ಬಿಸಿ ಗಾಳಿ ವ್ಯರ್ಥ ಹೋಗದಂತೆ ಹಿಡಿಯುವುದು ಇಷ್ಟೇ ನನ್ನ ಕಸುಬು. ನಿವೃತ್ತನಾಗಿ ಮನೆಯಲ್ಲಿ ಕೂತ ಮೇಲೆ ಮನೆಯ ಗಾಳಿಯ ಕಡೆ ಕಣ್ಣು ಹೋದದ್ದು ಸಹಜ.

ನಮ್ಮ ಅಜ್ಜನ ಮನೆ ಮಣ್ಣಿನ ಮಾಳಿಗೆಯದು. ಎರಡಡಿ ದಪ್ಪದ ಕಲ್ಲಿನ ಗೋಡೆ, ಮೇಲೆ ಜಂತಿ, ಜಂತಿಯ ಮೇಲೆ ಮೊಣಕಾಲೆತ್ತರ ಮಣ್ಣು. ಹೊರಗಿನ ಧಗೆ ಆ ಮಣ್ಣು ದಾಟಿ ಒಳಗಿಳಿಯುವಷ್ಟರಲ್ಲಿ ಸಂಜೆಯಾಗಿರುತ್ತಿತ್ತು. ಸಂಜೆಗೆ ನಾವು ಹೇಗೂ ಮಾಳಿಗೆ ಹತ್ತಿ ಹಾಸಿಗೆ ಹಾಸುತ್ತಿದ್ದೆವು. ಪಡಸಾಲೆಯ ನಡುಮಧ್ಯ, ಅಡುಗೆಮನೆಯ ನೆತ್ತಿಯಲ್ಲಿ ಬೆಳಕಿಂಡಿಗಳು. ಹೆಸರು ಬೆಳಕಿನದಾದರೂ ಅರ್ಧ ಕೆಲಸ ಗಾಳಿಯದು. ಕಾದ ಗಾಳಿ ಹಗುರಾಗಿ ಮೇಲೇರಿ ಅಲ್ಲಿಂದ ಹೋಗುತ್ತಿತ್ತು, ಅದರ ಜಾಗಕ್ಕೆ ಬಾಗಿಲಿನ ಕೆಳಗಿನಿಂದ ಹೊಸ ಗಾಳಿ ಬರುತ್ತಿತ್ತು. ಮಳೆ ಬಂದರೆ ಯಾರಾದರೂ ಓಡಿ ಮಾಳಿಗೆ ಹತ್ತಿ ಬೆಳಕಿಂಡಿಯ ಮೇಲೆ ಫರ್ಸಿ ತುಂಡು ಎಳೆಯಬೇಕು. ಈಗಿನವರು ಆ ಮನೆಗಳನ್ನು ನೆನೆದು ನಿಟ್ಟುಸಿರು ಬಿಡುವುದನ್ನು ಕೇಳುತ್ತೇನೆ. ನಾನು ಅಷ್ಟು ದೂರ ಹೋಗಲಾರೆ. ಅದೇ ಬೆಳಕಿಂಡಿಯ ಕೆಳಗೆ ಹಸಿ ಕಟ್ಟಿಗೆಯ ಒಲೆ ಊದಿ ಊದಿ ನಮ್ಮ ಅಜ್ಜಿ ಕೆಮ್ಮಿದ್ದು ನನಗೆ ಮರೆತಿಲ್ಲ. ಬೆಳಕಿಂಡಿ ಹೊಗೆಯ ಒಂದು ಪಾಲನ್ನಷ್ಟೇ ಒಯ್ಯುತ್ತಿತ್ತು.

ಈಗ ನಮ್ಮ ಮನೆಯೂ ಎಲ್ಲರ ಮನೆಯ ಹಾಗೆ ಆರ್‌ಸಿಸಿಯದು. ಐದಿಂಚಿನ ಸ್ಲ್ಯಾಬು ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ನಮ್ಮ ಮೇಲೆ ಕಾರುತ್ತದೆ. ಬೆಳಕಿಂಡಿ ಹೋಯಿತು. ಅದರ ಬದಲಿಗೆ ಬಾಗಿಲ ಮೇಲೊಂದು ಜಾಲರಿ ಇಡುತ್ತಿದ್ದರು, ಈಗ ಅದನ್ನೂ ಇಡುವುದಿಲ್ಲ. ಕಿಟಕಿಗೆ ಅಲ್ಯೂಮಿನಿಯಂ ಸ್ಲೈಡಿಂಗ್. ಇದರ ಲೆಕ್ಕ ಹೇಳಲೇಬೇಕು. ಮನೆಗಳಿಗೆಂದು 2018ರಲ್ಲಿ ಕೇಂದ್ರ ಸರ್ಕಾರ ತಂದ ‘ಇಕೋ ನಿವಾಸ್ ಸಂಹಿತೆ’ಯ ಪ್ರಕಾರ, ಬಿಸಿಲು ಹೆಚ್ಚಿರುವ ಒಣ ಸೀಮೆಯ ಮನೆಯಲ್ಲಿ ತೆರೆಯಲು ಬರುವ ಕಿಟಕಿ-ಬಾಗಿಲಿನ ಜಾಗ ನೆಲದ ವಿಸ್ತೀರ್ಣದ ಶೇಕಡ 10ರಷ್ಟಾದರೂ ಇರಬೇಕು. ಹತ್ತಕ್ಕೆ ಹನ್ನೆರಡು ಅಡಿಯ ಕೋಣೆಗೆ 12 ಚದರಡಿ. ನಾಲ್ಕಡಿಗೆ ನಾಲ್ಕಡಿಯ ಕಿಟಕಿ ಇಟ್ಟರೆ 16 ಆಯಿತಲ್ಲ ಎಂದು ಮೇಸ್ತ್ರಿ ಹೇಳುತ್ತಾನೆ. ಆದರೆ ಸ್ಲೈಡಿಂಗ್‌ನಲ್ಲಿ ಒಂದು ಗಾಜು ಇನ್ನೊಂದರ ಹಿಂದೆ ಸರಿಯುವುದರಿಂದ ತೆರೆಯುವುದು ಅರ್ಧ, ಅಂದರೆ 8 ಚದರಡಿ. ಹಳೆಯ ಕಾಲದ ಎರಡು ರೆಕ್ಕೆಯ ಕಿಟಕಿ ಪೂರ್ತಿ ತೆರೆಯುತ್ತಿತ್ತು. ಮನೆ ಕಟ್ಟಿಸುವವರು ನನ್ನನ್ನು ಕೇಳಿದರೆ ಯಂತ್ರದ ಮಾತಿಗೆ ಮೊದಲು ಇದನ್ನೇ ಹೇಳುತ್ತೇನೆ.

ಇನ್ನು ಬೇಸಿಗೆಯ ಕೂಲರು. ಇದನ್ನು ಬಡವರ ಎಸಿ ಎಂದು ಮೂಗು ಮುರಿಯುವವರಿದ್ದಾರೆ, ಆದರೆ ಗಾಳಿಯ ಲೆಕ್ಕದಲ್ಲಿ ಎಸಿಗಿಂತ ಅದೇ ಮೇಲು. ಕೂಲರ್ ಹೊರಗಿನ ಗಾಳಿಯನ್ನೇ ಒದ್ದೆ ಹುಲ್ಲಿನ ಮೂಲಕ ಎಳೆದು ಒಳಗೆ ತಳ್ಳುತ್ತದೆ. ಎಂದರೆ ಅದು ತಂಪು ಮಾಡುವ ಯಂತ್ರವಷ್ಟೇ ಅಲ್ಲ, ಗಂಟೆಗೆ ಎರಡು ಸಾವಿರ ಘನಮೀಟರ್‌ನಷ್ಟು ಹೊಸ ಗಾಳಿ ತರುವ ಯಂತ್ರವೂ ಹೌದು. ನಮ್ಮ ಏಪ್ರಿಲ್-ಮೇ ಗಾಳಿಯಲ್ಲಿ ಪಸೆ ಬಹಳ ಕಡಿಮೆ. 42 ಡಿಗ್ರಿಯ ಗಾಳಿ ಕೂಲರಿನಿಂದ 27-28ರ ಆಸುಪಾಸಿಗೆ ಇಳಿದು ಬರುತ್ತದೆ. ಒಂದೇ ಷರತ್ತು, ಬಂದ ಗಾಳಿ ಹೋಗಲು ಎದುರಿನ ಕಿಟಕಿ ತೆರೆದಿರಬೇಕು. "ತಂಪು ಹೊರಗ್ ಹೋಗ್ತದ" ಎಂದು ಅದನ್ನು ಮುಚ್ಚಿದವರ ಮನೆಯಲ್ಲಿ ಅರ್ಧ ತಾಸಿಗೆ ಮೈಯೆಲ್ಲ ಅಂಟಂಟು.

ಕೂಲರಿನ ಕಷ್ಟ ನೀರಿನದು. ಅಷ್ಟು ಗಾಳಿ ತಂಪಾಗಲು ಗಂಟೆಗೆ ಹತ್ತು ಲೀಟರಿನ ಮೇಲೆ ನೀರು ಆವಿಯಾಗುತ್ತದೆ. ಮುಲ್ಲಾಮಾರಿ ನದಿ, ಚಂದ್ರಂಪಳ್ಳಿ ಅಣೆಕಟ್ಟು ಎಲ್ಲ ಹತ್ತಿರವೇ ಇದ್ದರೂ ಬೇಸಿಗೆಯಲ್ಲಿ ಒಂದು ಕೊಡ ನೀರಿಗೆ ಕಾಯುವ ಓಣಿಗಳು ನಮ್ಮಲ್ಲಿವೆ. ಬೋರಿನ ನೀರಾದರೋ ಸುಣ್ಣದ ಕಲ್ಲಿನ ನಾಡಿನ ನೀರು. ಒಂದು ಬೇಸಿಗೆಯಲ್ಲಿ ಹುಲ್ಲಿನ ಮೇಲೆ ಬಿಳಿ ಹೆಕ್ಕಳಿಕೆ ಕಟ್ಟಿ ಪಂಪ್ ಜಾಮ್ ಆಗುತ್ತದೆ. ಜುಲೈ ಬಂತೆಂದರೆ ಗಾಳಿಯಲ್ಲೇ ಪಸೆ ಇರುವುದರಿಂದ ಕೂಲರ್ ಕೈಚೆಲ್ಲುತ್ತದೆ. ಹೀಗೆ ನನ್ನ ಹೆಂಡತಿಯ ಮಂಡಿ ನೋವು, ಬಿಪಿ, ರಾತ್ರಿಯ ನಿದ್ದೆ ಎಲ್ಲ ಸೇರಿ ನಮ್ಮ ಮಲಗುವ ಕೋಣೆಗೆ ಒಂದು ಟನ್ನಿನ ಎಸಿ ಬಂತು.

ಎಸಿಯ ಬಗ್ಗೆ ಓದಿದವರಲ್ಲೂ ಒಂದು ತಪ್ಪು ಕಲ್ಪನೆ ಇದೆ. ಹೊರಗೊಂದು ಡಬ್ಬಿ ಒಳಗೊಂದು ಡಬ್ಬಿ ಇರುವುದರಿಂದ ಅದು ಹೊರಗಿನ ಗಾಳಿ ತಂದು ತಂಪು ಮಾಡುತ್ತದೆ ಎಂದು ತಿಳಿದಿರುತ್ತಾರೆ. ಇಲ್ಲ. ಸ್ಪ್ಲಿಟ್ ಎಸಿಯ ಎರಡು ಡಬ್ಬಿಗಳ ನಡುವೆ ತಾಮ್ರದ ಕೊಳವೆಯಲ್ಲಿ ಓಡಾಡುವುದು ಗ್ಯಾಸ್ ಮಾತ್ರ. ಕೋಣೆಯ ಗಾಳಿ ಕೋಣೆಯಲ್ಲೇ ಸುತ್ತುತ್ತದೆ. ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ನಾವು ಬಿಟ್ಟ ಉಸಿರನ್ನೇ ತಂಪು ಮಾಡಿ ನಮಗೇ ಕೊಡುತ್ತದೆ.

ಎಷ್ಟು ಕೆಡುತ್ತದೆ ಗಾಳಿ? ಹತ್ತು-ಹನ್ನೆರಡು ಅಡಿಯ, ಹತ್ತಡಿ ಎತ್ತರದ ಕೋಣೆಯಲ್ಲಿ ಸುಮಾರು 34 ಸಾವಿರ ಲೀಟರ್ ಗಾಳಿ ಇರುತ್ತದೆ. ಮಲಗಿದ ದೊಡ್ಡವರೊಬ್ಬರು ಗಂಟೆಗೆ ಹನ್ನೆರಡು-ಹದಿಮೂರು ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾರೆ. ಇಬ್ಬರಿಗೆ 25. ಕೋಣೆ ಒಂಚೂರೂ ಸೋರದೆ ಇದ್ದರೆ ಗಂಟೆಗೆ ಹತ್ತು ಲಕ್ಷಕ್ಕೆ 700 ಪಾಲು ಏರುತ್ತಾ ಹೋಗುತ್ತದೆ. ಹೊರಗಿನ ಗಾಳಿಯಲ್ಲಿ ಈಗ ಅದು 420ರ ಮೇಲಿದೆ. ಮ್ಯೂನಿಕ್‌ನ ಮ್ಯಾಕ್ಸ್ ಫಾನ್ ಪೆಟ್ಟನ್‌ಕೋಫರ್ ಎಂಬ ವಿಜ್ಞಾನಿ 1858ರಲ್ಲೇ, ಜನ ವಾಸಿಸುವ ಕೋಣೆಯಲ್ಲಿ ಇದು 1,000 ದಾಟಬಾರದು ಎಂದು ಹೇಳಿಟ್ಟಿದ್ದಾನೆ. ಈ ಅನಿಲ ಅಷ್ಟಕ್ಕೇ ವಿಷವಲ್ಲ. ಆದರೆ ಅದು ಏರಿದೆ ಎಂದರೆ ಬೆವರು, ಪಸೆ, ವಾಸನೆ, ಒಬ್ಬರಿಗಿದ್ದ ನೆಗಡಿಯ ಸೋಂಕು ಎಲ್ಲವೂ ಜತೆಗೆ ಏರಿರುತ್ತವೆ. ಮೀಟರ್ ಅದನ್ನು ಅಳೆಯುವುದು ಉಳಿದವುಗಳ ಸುಳಿವಿಗಾಗಿ. ನನ್ನ ಹಾಸಿಗೆಯ ಪಕ್ಕದ ಪುಟ್ಟ ಮೀಟರ್ ಬೆಳಗಿನ ಜಾವ 2,600 ತೋರಿಸಿತು. ಕಿಟಕಿಯ ಸಂದಿಯಲ್ಲಿ ಒಂದಿಷ್ಟು ಸೋರುವುದರಿಂದ ಅಷ್ಟಕ್ಕೆ ನಿಂತಿತ್ತು. ಎದ್ದಾಗ ತಲೆ ಭಾರ ಎಂದು ಹೆಂಡತಿ ಹೇಳುತ್ತಿದ್ದುದಕ್ಕೆ ಇದೇ ಕಾರಣ ಎಂದು ಆಣೆ ಮಾಡಿ ಹೇಳಲಾರೆ. ಆದರೆ ಇದನ್ನು ಕಂಡ ಮೇಲೆ ಸುಮ್ಮನಿರಲೂ ಆಗಲಿಲ್ಲ.

ಹಾಗಾದರೆ ಕಿಟಕಿ ಸ್ವಲ್ಪ ತೆರೆದಿಟ್ಟು ಎಸಿ ಹಚ್ಚಬಹುದಲ್ಲ? ಬಹುದು, ಎಷ್ಟೋ ಮನೆಗಳಿಗೆ ಅದೇ ಸಾಕು. ನಮ್ಮ ಮನೆ ಲಾರಿಗಳ ರಸ್ತೆಗೆ ಹತ್ತಿರ. ತಾಲೂಕಿನ ಒಂದು ಮಗ್ಗುಲಿಗೆ ಅಭಯಾರಣ್ಯ ಇದ್ದರೆ ಇನ್ನೊಂದು ಮಗ್ಗುಲಿಗೆ ಸುಣ್ಣದ ಕಲ್ಲಿನ ಗಣಿ, ಸಿಮೆಂಟ್. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ ಶುರುವಾದರೆ ಮಷೀನಿನ ಹೊಟ್ಟು ಗಾಳಿ ಹಿಡಿದು ಊರೊಳಗೆ ಬರುತ್ತದೆ. ಒಮ್ಮೆ ಕಿಟಕಿ ತೆರೆದು ಮಲಗಿದರೆ ಬೆಳಗ್ಗೆ ಕರಿ ಫರ್ಸಿಯ ನೆಲದ ಮೇಲೆ ಹೆಜ್ಜೆ ಮೂಡುತ್ತದೆ. ನನಗೆ ಬೇಕಾದದ್ದು ಸೋಸಿದ ಹೊರಗಿನ ಗಾಳಿ, ಅದೂ ಎಸಿಯ ಕೆಲಸ ಕೆಡಿಸದೆ ಬರುವ ಗಾಳಿ.

ಅಂಥ ಯಂತ್ರವನ್ನು ನಾನು ನೋಡಿದ್ದು ಕೆನಡಾದ ಸಾಸ್ಕಟೂನ್‌ನಲ್ಲಿ, ಮಗಳ ಮನೆಯಲ್ಲಿ. ಚಳಿಗಾಲ. ಹೊರಗೆ ಮೈನಸ್ 30. ಇಂಥ ಊರಿನಲ್ಲಿ ಕಿಟಕಿ ತೆರೆಯುವ ಮಾತೇ ಇಲ್ಲ. ಆದರೂ ಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕಿದರೆ ಒಂದು ತಾಸಿನ ಮೇಲೆ ವಾಸನೆ ಉಳಿಯುವುದಿಲ್ಲ, ಕಿಟಕಿ ಗಾಜಿನ ಮೇಲೆ ನೀರಿಳಿಯುವುದಿಲ್ಲ. ನನ್ನ ಕಿವಿಗೆ ಎಲ್ಲೋ ಸಣ್ಣ ಫ್ಯಾನಿನ ಗುಂಯ್ ಕೇಳುತ್ತಿತ್ತು. ಅಳಿಯಂದಿರನ್ನು ಕೇಳಿದೆ. "ಬೇಸ್‌ಮೆಂಟ್‌ನಲ್ಲಿ ಎಚ್‌ಆರ್‌ವಿ ಇದೆ ಮಾವ, ಬನ್ನಿ ತೋರಿಸ್ತೀನಿ" ಎಂದರು. ಅವರು ಮೈಸೂರಿನವರು. ಹೀಟ್ ರಿಕವರಿ ವೆಂಟಿಲೇಟರ್, ಅಂದರೆ ಮನೆಯ ಹಳೆ ಗಾಳಿಯನ್ನು ಹೊರಹಾಕುವಾಗ ಅದರ ಶಾಖವನ್ನಷ್ಟೇ ತೆಗೆದಿಟ್ಟುಕೊಂಡು ಹೊಸ ಗಾಳಿಗೆ ಕೊಡುವ ಪೆಟ್ಟಿಗೆ. ಸೂಟ್‌ಕೇಸಿಗಿಂತ ಒಂದಿಷ್ಟು ದೊಡ್ಡದು, ತೊಲೆಗೆ ಪಟ್ಟಿ ಕಟ್ಟಿ ತೂಗುಬಿಟ್ಟಿದ್ದರು. ನಾಲ್ಕು ಕೊಳವೆ. ಎರಡು ಮನೆಯೊಳಗೆ, ಎರಡು ಹೊರಗೆ. ಸ್ನಾನದ ಮನೆಗಳಿಂದ ಹಳೆ ಗಾಳಿ ಎಳೆದು ಮಲಗುವ ಕೋಣೆಗಳಿಗೆ ಹೊಸ ಗಾಳಿ ಬಿಡುತ್ತದೆ.

ಮುಚ್ಚಳ ತೆಗೆಸಿ ನೋಡದೆ ಇರಲು ನನ್ನಿಂದಾಗಲಿಲ್ಲ. ಒಳಗೆ ಎರಡು ಫ್ಯಾನು, ಎರಡು ಫಿಲ್ಟರು, ನಡುವೆ ಒಂದು ಚೌಕದ ದಿಮ್ಮಿ. ಅದಕ್ಕೆ ಕೋರ್ ಎನ್ನುತ್ತಾರೆ. ತೆಳುವಾದ ಹಾಳೆಗಳನ್ನು ಒಂದರ ಮೇಲೊಂದು ಸಣ್ಣ ಸಂದಿ ಬಿಟ್ಟು ಜೋಡಿಸಿರುತ್ತಾರೆ. ಒಂದು ಸಂದಿಯಲ್ಲಿ ಹೋಗುವ ಬೆಚ್ಚನೆಯ ಗಾಳಿ, ಮರುಸಂದಿಯಲ್ಲಿ ಬರುವ ತಣ್ಣನೆಯ ಗಾಳಿ, ಹೀಗೆ ನೂರಾರು ಪದರ. ಬಿಸಿ ಹಾಲಿನ ಲೋಟವನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟರೆ ಹಾಲೂ ನೀರೂ ಕೂಡದೆ ಬಿಸಿ ಮಾತ್ರ ದಾಟುತ್ತದಲ್ಲ, ಇಲ್ಲಿಯೂ ಅಷ್ಟೇ. ಮೈನಸ್ 30ರಲ್ಲಿ ಒಳಬಂದ ಗಾಳಿ, 21 ಡಿಗ್ರಿಯ ಮನೆಗಾಳಿಯಿಂದ ಮುಕ್ಕಾಲು ಪಾಲು ಶಾಖ ಪಡೆದು 8 ಡಿಗ್ರಿಯ ಹತ್ತಿರಕ್ಕೆ ಬಂದು ಮನೆ ಸೇರುತ್ತದೆ. ಉಳಿದದ್ದಷ್ಟೇ ಹೀಟರಿನ ಪಾಲು. ಹೊರಹೋಗುವ ಗಾಳಿಯಲ್ಲಿದ್ದ ಪಸೆ ಕೋರಿನಲ್ಲಿ ನೀರಾಗಿ ಕೊಳವೆಯಲ್ಲಿ ಇಳಿಯುತ್ತದೆ. ತೀರಾ ಚಳಿಯಲ್ಲಿ ಅದೇ ನೀರು ಮಂಜುಗಡ್ಡೆಯಾಗಿ ಸಂದಿ ಕಟ್ಟುವುದರಿಂದ, ಯಂತ್ರ ಆಗಾಗ ಹೊರಗಾಳಿ ನಿಲ್ಲಿಸಿ ಮನೆಯ ಗಾಳಿಯನ್ನೇ ತಿರುಗಿಸಿ ಗಡ್ಡೆ ಕರಗಿಸಿಕೊಳ್ಳುತ್ತದೆ.

ನನಗೆ ಇದು ಹೊಸದೇನೂ ಅನ್ನಿಸಲಿಲ್ಲ. ಮಳಖೇಡದ ಕೋಟೆಯ ಬಳಿ ನಿಂತವರಿಗೂ ವಾಡಿ ಜಂಕ್ಷನ್ ದಾಟುವವರಿಗೂ ಕಾಣುವ ಸಿಮೆಂಟ್ ಕಾರ್ಖಾನೆಗಳ ಆ ಎತ್ತರದ ಗೋಪುರ ಇದೆಯಲ್ಲ, ಪ್ರೀಹೀಟರು, ಅದರ ಕೆಲಸವೂ ಇದೇ. ಗೂಡಿನಿಂದ ಸಾವಿರ ಡಿಗ್ರಿಯಲ್ಲಿ ಏರುವ ಗಾಳಿಗೆ ಮೇಲಿನಿಂದ ಕಲ್ಲಿನ ಹಿಟ್ಟು ಸುರಿಯುತ್ತೇವೆ. ಐದಾರು ಅಂತಸ್ತು ಇಳಿದು ಬರುವಷ್ಟರಲ್ಲಿ ಹಿಟ್ಟು 850ರ ಮೇಲೆ ಕಾದಿರುತ್ತದೆ, ಗಾಳಿ 300ರ ಆಸುಪಾಸಿಗೆ ಇಳಿದಿರುತ್ತದೆ. ಅಲ್ಲಿ ಗಾಳಿ, ಹಿಟ್ಟು ಬೆರೆಯುತ್ತವೆ, ಇಲ್ಲಿ ಬೆರೆಯಬಾರದು, ಅಷ್ಟೇ ವ್ಯತ್ಯಾಸ. ಹೊರಗೆ ಬಿಡುವ ಮುಂಚೆ ಬಿಸಿಯನ್ನು ಕಸಿದುಕೋ ಎಂಬ ಲೆಕ್ಕ ಒಂದೇ.

ಎಚ್‌ಆರ್‌ವಿಯ ಕಥೆಗೂ ಮಗಳ ಊರು ಸಾಸ್ಕಟೂನ್ ಇರುವ ಸಾಸ್ಕಾಚುವಾನ್ ಸೀಮೆಗೂ ನಂಟಿದೆ. 1973ರ ತೈಲ ಬಿಕ್ಕಟ್ಟಿನ ನಂತರ ಇಂಧನ ಉಳಿಸುವ ಮನೆಯೊಂದನ್ನು ಕಟ್ಟಿ ತೋರಿಸಬೇಕೆಂದು ಸಾಸ್ಕಾಚುವಾನ್ ಪ್ರಾಂತ್ಯದವರು ಹೊರಟರು. ಹೆರಾಲ್ಡ್ ಓರ್ ಮತ್ತು ಅವರ ಜತೆಗಾರರು ಅದರ ರಾಜಧಾನಿ ರೆಜೈನಾದಲ್ಲಿ 1977ರಲ್ಲಿ ಆ ಮನೆ ಕಟ್ಟಿದರು. ಒಂದಡಿ ದಪ್ಪದ ಗೋಡೆಯ ತುಂಬ ಶಾಖ ತಡೆಯುವ ಹತ್ತಿಯಂಥ ಪದರ, ಎಲ್ಲೂ ಗಾಳಿ ಸೋರದಂತೆ ಪ್ಲಾಸ್ಟಿಕ್ ಹೊದಿಕೆ. ಅಷ್ಟು ಬಿಗಿಯಾದ ಮೇಲೆ ಒಳಗಿನವರು ಉಸಿರಾಡುವುದು ಹೇಗೆ? ಸಾಸ್ಕಾಚುವಾನ್ ವಿಶ್ವವಿದ್ಯಾಲಯದ ರಾಬರ್ಟ್ ಬೆಸಂಟ್ ತಂಡದವರು ಪ್ಲೈವುಡ್ ಪಟ್ಟಿ, ಪ್ಲಾಸ್ಟಿಕ್ ಹಾಳೆ ಜೋಡಿಸಿ ಗಾಳಿಯಿಂದ ಗಾಳಿಗೆ ಶಾಖ ದಾಟಿಸುವ ಪೆಟ್ಟಿಗೆ ಮಾಡಿದರು. ಮನೆ ಬಿಗಿಯಾದದ್ದರಿಂದ ಹುಟ್ಟಿದ ಯಂತ್ರ ಇದು. ಬಿಗಿ ಇಲ್ಲದ ಮನೆಗೆ ಇದರ ಹಂಗಿಲ್ಲ. ಜಪಾನಿನಲ್ಲಿ ಇದಕ್ಕೂ ಮೊದಲೇ, 1970ರಲ್ಲಿ, ಮಿತ್ಸುಬಿಷಿ ಕಂಪನಿ ‘ಲಾಸ್ನೇ’ ಎಂಬ ಹೆಸರಿನಲ್ಲಿ ಕಾಗದದ ಕೋರ್ ಇರುವ ಯಂತ್ರ ಮಾರುಕಟ್ಟೆಗೆ ತಂದಿತ್ತು. ಆ ಕಾಗದ ಶಾಖದ ಜತೆ ಪಸೆಯನ್ನೂ ದಾಟಿಸುತ್ತದೆ. ಅಂಥದ್ದನ್ನು ಈಗ ಇಆರ್‌ವಿ ಎನ್ನುತ್ತಾರೆ.

ಚಿಂಚೋಳಿಗೆ ಯಾವುದು? ಇಲ್ಲಿ ಆಟ ಉಲ್ಟಾ. ಹೊರಗೆ 43, ಒಳಗೆ 27. ಹೊರಹೋಗುವ ತಂಪು ಗಾಳಿಯಿಂದ ತಂಪನ್ನು ಕಸಿದು ಒಳಬರುವ ಬಿಸಿ ಗಾಳಿಗೆ ಕೊಡಬೇಕು. ಯಂತ್ರಕ್ಕೆ ಬಿಸಿ, ತಂಪಿನ ಭೇದವಿಲ್ಲ, ಎರಡರ ನಡುವಿನ ಅಂತರವೊಂದೇ ಮುಖ್ಯ. ಮುಕ್ಕಾಲು ಪಾಲು ಕೆಲಸ ಮಾಡಿದರೆ 43ರ ಗಾಳಿ 31 ಆಗಿ ಕೋಣೆಗೆ ಇಳಿಯುತ್ತದೆ. ಮಳೆಗಾಲದ ಪಸೆ ಹೊರಗೇ ಉಳಿಯಬೇಕೆಂದರೆ ಇಆರ್‌ವಿ ಒಳ್ಳೆಯದು. ನಾನು ಅದನ್ನೇ ತರಿಸಿದೆ.

ಇಲ್ಲೊಂದು ಲೆಕ್ಕವನ್ನು ಯಂತ್ರ ಮಾರುವವರು ಹೇಳುವುದಿಲ್ಲ, ನಾನು ಹೇಳುತ್ತೇನೆ. ಇಬ್ಬರು ಮಲಗುವ ಕೋಣೆಗೆ ಗಂಟೆಗೆ 72 ಘನಮೀಟರ್ ಹೊಸ ಗಾಳಿ ಧಾರಾಳ. ಸಾಸ್ಕಟೂನ್‌ನ ಮೈನಸ್ 30ರಲ್ಲಿ ಅಷ್ಟು ಗಾಳಿಗೆ ಯಂತ್ರ ಉಳಿಸಿಕೊಡುವ ಶಾಖ 900 ವ್ಯಾಟ್ ಮೀರುತ್ತದೆ, ಏಕೆಂದರೆ ಅಂತರ 51 ಡಿಗ್ರಿ. ನಮ್ಮಲ್ಲಿ ಅಂತರ 16, ಉಳಿಯುವುದು 260 ವ್ಯಾಟಿನ ಆಸುಪಾಸು. ಎಸಿ ಒಂದು ಪಾಲು ವಿದ್ಯುತ್ತಿಗೆ ಮೂರು ಪಾಲಿನಷ್ಟು ಬಿಸಿ ಹೊರಹಾಕುವುದರಿಂದ, ಬಿಲ್ಲಿನಲ್ಲಿ ಉಳಿತಾಯ 80-90 ವ್ಯಾಟ್. ಯಂತ್ರದ ಎರಡು ಫ್ಯಾನುಗಳೇ 40 ವ್ಯಾಟ್ ತಿನ್ನುತ್ತವೆ. ಅದೂ ಉರಿಬಿಸಿಲಿನ ಮಧ್ಯಾಹ್ನದ ಮಾತು. ರಾತ್ರಿ ಹೊರಗೆ 30ಕ್ಕೆ ಇಳಿದರೆ ಉಳಿತಾಯ ಲೆಕ್ಕಕ್ಕೇ ಸಿಗುವುದಿಲ್ಲ. ಒಂದು ಒಳ್ಳೆ ಎಸಿಯಷ್ಟು ದುಡ್ಡು ಸುರಿದು ಇದನ್ನು ಕರೆಂಟ್ ಬಿಲ್ ಉಳಿಸಲು ಹಾಕಿಸುವುದಾದರೆ ಬೇಡವೇ ಬೇಡ. ಆ ದುಡ್ಡಿನಲ್ಲಿ ಮಾಳಿಗೆಗೆ ಬಿಳಿ ಬಣ್ಣ ಬಳಿಸಿ, ಪಶ್ಚಿಮದ ಕಿಟಕಿಗೆ ಹೊರಗಿನಿಂದ ನೆರಳು ಕಟ್ಟಿಸಿದರೆ ಲಾಭ ಹೆಚ್ಚು. ಕನ್ನಡನಾಡಿನಲ್ಲಿ ಇದನ್ನು ಹಾಕಿಸಲು ಕಾರಣ ಒಂದೇ, ಮುಚ್ಚಿದ ಕೋಣೆಗೆ ಸೋಸಿದ ಗಾಳಿ.

ಹಾಕಿಸುವಾಗ ನಾನೇ ಪಕ್ಕದಲ್ಲಿ ನಿಂತಿದ್ದೆ. ಸ್ನಾನದ ಮನೆಯ ಮೇಲಿನ ಅಟ್ಟದಲ್ಲಿ ಪೆಟ್ಟಿಗೆ ಇಟ್ಟೆವು. ಕೈ ಹೋಗುವ ಜಾಗ ಅದು. ಫಿಲ್ಟರ್ ತೆಗೆಯಲು ಬಾರದ ಜಾಗದಲ್ಲಿ ಸೀಲಿಂಗಿನ ಒಳಗೆ ಹುಗಿದಿಟ್ಟರೆ ಎರಡನೇ ವರ್ಷಕ್ಕೆ ಯಾರೂ ಅದರ ಗೊಡವೆಗೆ ಹೋಗುವುದಿಲ್ಲ. ನಮ್ಮ ಹಿಂದಿನ ಗೋಡೆ ಶಹಾಬಾದ್ ಕಲ್ಲಿನದು, ಒಂದೂವರೆ ಅಡಿ ದಪ್ಪ. ಸುತ್ತಿಗೆ, ಉಳಿ ಹಚ್ಚಿದರೆ ಕಲ್ಲಿನ ಪದರು ಸೀಳಿ ಗಿಲಾವು ಉದುರುತ್ತದೆ. ಆದ್ದರಿಂದ ಕಲಬುರಗಿಯಿಂದ ಕೋರ್ ಕಟಿಂಗ್ ಮಷೀನಿನವರನ್ನು ಕರೆಸಿದೆ. ವಜ್ರದ ಹಲ್ಲಿನ ಕೊಳವೆ, ಮೇಲಿನಿಂದ ನೀರು ಬಿಡುತ್ತಾ ಹೋದಂತೆ ಬೂದಿ ಬಣ್ಣದ ಕೆಸರು ಗೋಡೆಯುದ್ದಕ್ಕೂ ಇಳಿಯುತ್ತಿತ್ತು. ಕೊನೆಗೆ ಹೊರಬಂದ ಕಲ್ಲಿನ ದುಂಡನ್ನು ಓಣಿಯ ಹುಡುಗರು ಎತ್ತಿಕೊಂಡು ಹೋದರು. ತೂತು ಹೊರಗಡೆಗೆ ಬೆರಳಷ್ಟು ಇಳಿಜಾರಿರಬೇಕು, ಇಲ್ಲದಿದ್ದರೆ ಮಳೆ ಎರಚಿದಾಗ ನೀರು ಪೆಟ್ಟಿಗೆಗೆ ಬರುತ್ತದೆ. ಹೊರತುದಿಗೆ ಜಾಲರಿ ಬೇಕು, ಗುಬ್ಬಿ ಬಿಟ್ಟರೂ ಕಣಜ ಬಿಡುವುದಿಲ್ಲ.

ಗಾಳಿ ಎಳೆಯುವ ಬಾಯಿ ಎಲ್ಲಿರಬೇಕು ಎಂಬುದಕ್ಕೆ ಸಮಯ ಕೊಡಿ. ನನ್ನದು ಉತ್ತರದ ಗೋಡೆಗೆ, ರಸ್ತೆಯ ಬೆನ್ನಿಗೆ, ನೆರಳಿನಲ್ಲಿದೆ. ಎಸಿಯ ಹೊರಗಿನ ಡಬ್ಬಿಯ ಬಿಸಿ ಗಾಳಿ, ಅಡುಗೆಮನೆಯ ಚಿಮಣಿ, ಸೆಪ್ಟಿಕ್ ಟ್ಯಾಂಕಿನ ಪೈಪು ಈ ಮೂರರಿಂದಲೂ ದೂರ. ಹಳೆ ಗಾಳಿ ಬಿಡುವ ಬಾಯಿ ಅದರಿಂದ ಆರಡಿಯಾದರೂ ಆಚೆಗಿರಬೇಕು, ಇಲ್ಲದಿದ್ದರೆ ಉಗುಳಿದ್ದನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಮಗಳ ಮನೆಯಲ್ಲಿ ಇವನ್ನು ಹಿಮ ಬಿದ್ದು ಮುಚ್ಚಿಹೋಗದಷ್ಟು ಎತ್ತರಕ್ಕೆ ಇಟ್ಟಿದ್ದರು.

ಎರಡು ಕಡೆಯ ಗಾಳಿ ಸರಿಸಮ ಇದೆಯೇ ಎಂದು ನೋಡುವುದು ಕೊನೆಯ ಕೆಲಸ, ಬಹಳ ಜನ ಬಿಟ್ಟುಬಿಡುವ ಕೆಲಸವೂ ಹೌದು. ಕಾರ್ಖಾನೆಯಲ್ಲಿ ಇದಕ್ಕೆ ದುಬಾರಿ ಉಪಕರಣ ಇರುತ್ತಿತ್ತು. ಮನೆಯಲ್ಲಿ ನೂರು ಲೀಟರಿನ ಕಸದ ಚೀಲ ಸಾಕು. ಚೀಲವನ್ನು ಚಪ್ಪಟೆ ಮಾಡಿ ಗಾಳಿ ಬರುವ ಬಾಯಿಗೆ ಒತ್ತಿಹಿಡಿಯಿರಿ. ಐದು ಸೆಕೆಂಡಿಗೆ ಉಬ್ಬಿ ಬಿಗಿಯಾದರೆ ಸೆಕೆಂಡಿಗೆ 20 ಲೀಟರ್, ಅಂದರೆ ಗಂಟೆಗೆ ಆ 72 ಘನಮೀಟರ್. ಹೋಗುವ ಬಾಯಿಗೆ ಉಬ್ಬಿದ ಚೀಲ ಹಿಡಿದು ಎಷ್ಟು ಹೊತ್ತಿಗೆ ಚಪ್ಪಟೆಯಾಗುತ್ತದೆ ನೋಡಿ. ನನ್ನಲ್ಲಿ ಮೊದಲ ಸಲ ಹೋಗುವುದೇ ಹೆಚ್ಚಿತ್ತು. ಹಾಗಿದ್ದರೆ ಕೋಣೆ ಕಿಟಕಿಯ ಸಂದಿಗಳಿಂದ ಧೂಳು ಹೀರುತ್ತದೆ, ಫಿಲ್ಟರ್ ಹಾಕಿದ್ದೂ ದಂಡ. ಡ್ಯಾಂಪರ್ ತಿರುವಿ ಬರುವ ಗಾಳಿಯನ್ನು ಒಂದಿಷ್ಟು ಹೆಚ್ಚು ಇಟ್ಟೆ, ಸಂದಿಗಳಲ್ಲಿ ಗಾಳಿ ಹೊರಮುಖವಾಗಿ ಸೋರಲಿ ಎಂದು. ಸಾಸ್ಕಟೂನ್‌ನಲ್ಲಿ ಹೀಗೆ ಮಾಡಬಾರದು. ಅಲ್ಲಿ ಮನೆಯ ಪಸೆಗಾಳಿ ಗೋಡೆಯೊಳಗೆ ನುಗ್ಗಿ ಹೆಪ್ಪುಗಟ್ಟಿ ಕಟ್ಟಿಗೆ ಕೊಳೆಸುತ್ತದೆ.

ಈಗ ಬೆಳಗಿನ ಜಾವ ಮೀಟರ್ 800ರ ಒಳಗೇ ಇರುತ್ತದೆ. ಕಾಗದದಲ್ಲಿ ಮಾಡಿದ ಲೆಕ್ಕವೂ ಹತ್ತಿರ ಹತ್ತಿರ 770 ಎಂದೇ ಹೇಳಿತ್ತು. ಕರೆಂಟ್ ಹೋದರೆ ಎಸಿ ನಿಲ್ಲುತ್ತದೆ, ಇದು ಇನ್ವರ್ಟರಿನ ಮೇಲೆ ನಡೆಯುತ್ತದೆ. ಬೇಸಿಗೆಯ ನಸುಕಿನಲ್ಲಿ, ಹೊರಗೆ ತಂಪಾಗಿ ರಸ್ತೆಯೂ ಸದ್ದಿಲ್ಲದೆ ಇರುವಾಗ ಮಾತ್ರ ಎಲ್ಲ ಬಂದ್ ಮಾಡಿ ಕಿಟಕಿ ತೆರೆಯುತ್ತೇನೆ. ತೆರೆದ ಕಿಟಕಿ ಹತ್ತು ನಿಮಿಷದಲ್ಲಿ ತರುವ ಗಾಳಿಯನ್ನು ಈ ಪೆಟ್ಟಿಗೆ ತಾಸುಗಟ್ಟಲೆ ತಿರುಗಿದರೂ ತರಲಾರದು.

ಎರಡು ಎಚ್ಚರಿಕೆ. ಅಡುಗೆಮನೆಯ ಒಲೆಯ ಮೇಲಿನ ಗಾಳಿಯನ್ನು ಇದಕ್ಕೆ ಜೋಡಿಸಬೇಡಿ. ಒಗ್ಗರಣೆಯ ಎಣ್ಣೆ ಜಿಡ್ಡು ಕೋರಿನ ಸಂದಿಯಲ್ಲಿ ಕೂತರೆ ಮುಗಿಯಿತು, ಕಾಗದದ ಕೋರನ್ನು ತೊಳೆಯಲೂ ಬರುವುದಿಲ್ಲ. ಅಡುಗೆಮನೆಗೆ ಬೇರೆ ಎಕ್ಸಾಸ್ಟ್ ಫ್ಯಾನೇ ಇರಲಿ. ಇನ್ನೊಂದು ಗ್ಯಾಸ್ ಗೀಜರ್. ಸ್ನಾನದ ಮನೆಯೊಳಗೆ ಅದನ್ನು ಹಾಕಿ ಕಿಟಕಿ ಮುಚ್ಚಿಕೊಂಡು ಸ್ನಾನಕ್ಕೆ ಹೋದವರು ಹೊರಬಾರದ ಸುದ್ದಿ ಪ್ರತಿ ಚಳಿಗಾಲ ಪತ್ರಿಕೆಗಳಲ್ಲಿ ಬರುತ್ತದೆ. ಅರೆಬರೆ ಉರಿದ ಗ್ಯಾಸಿನಿಂದ ಹುಟ್ಟುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ನನ್ನ ಹಾಸಿಗೆಯ ಪಕ್ಕದ ಮೀಟರ್ ಅದನ್ನು ಹಿಡಿಯುವುದೂ ಇಲ್ಲ. ಎಚ್‌ಆರ್‌ವಿ ಇದೆ ಎಂದು ಧೈರ್ಯ ಮಾಡಬೇಡಿ. ಗೀಜರ್ ಇರಬೇಕಾದ ಜಾಗ ಮನೆಯ ಹೊರಗೆ, ತೆರೆದ ಗಾಳಿಯಲ್ಲಿ.

ಫಿಲ್ಟರಿನ ವಿಷಯದಲ್ಲಿ ಕಂಪನಿಯ ಪುಸ್ತಕ ನಂಬಬೇಡಿ, ಅದನ್ನು ಬರೆದವರು ನಮ್ಮ ಧೂಳು ಕಂಡಿಲ್ಲ. ಹೊರಗಿನ ಒರಟು ಜಾಲರಿಯನ್ನು ಹದಿನೈದು ದಿನಕ್ಕೊಮ್ಮೆ ನಲ್ಲಿಯ ಕೆಳಗೆ ತೊಳೆಯುತ್ತೇನೆ. ತೊಗರಿ ರಾಶಿಯ ಕಾಲಕ್ಕೆ ವಾರಕ್ಕೊಮ್ಮೆ. ಅದರ ಹಿಂದಿನ ಸಣ್ಣ ಧೂಳು ಹಿಡಿಯುವ ಫಿಲ್ಟರನ್ನು ತೊಳೆಯಲಾಗದು, ಬದಲಿಸಬೇಕು. ಯಂತ್ರ ಕೊಳ್ಳುವ ಮುಂಚೆ ಆ ಫಿಲ್ಟರು ಕಲಬುರಗಿಯಲ್ಲೋ ಹೈದರಾಬಾದಿನಲ್ಲೋ ಸಿಗುತ್ತದೆಯೇ, ಎಷ್ಟು ಬೆಲೆ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಹೊಸ ಮನೆ ಕಟ್ಟಿಸುತ್ತಿರುವವರು ಈಗಲೇ ಯಂತ್ರ ಕೊಳ್ಳಬೇಕಿಲ್ಲ. ಗಿಲಾವಿಗೆ ಮುಂಚೆ ಮಲಗುವ ಕೋಣೆಯ ಹೊರಗೋಡೆಯಲ್ಲಿ, ಆರಡಿ ಅಂತರ ಬಿಟ್ಟು, ಐದಿಂಚಿನ ಪಿವಿಸಿ ಪೈಪಿನ ಎರಡು ತುಂಡು ಹೊರಗಡೆಗೆ ಇಳಿಜಾರಾಗಿ ಕೂಡಿಸಿ ಮುಚ್ಚಳ ಹಾಕಿಸಿ. ಪಕ್ಕದಲ್ಲೊಂದು ಇನ್ವರ್ಟರ್ ಲೈನಿನ ಪಾಯಿಂಟು ಇರಲಿ. ನಾಳೆ ಬೇಕೆನಿಸಿದರೆ ಕಲ್ಲು ಕೊರೆಸುವ ಖರ್ಚಂತೂ ಉಳಿಯುತ್ತದೆ.